ಐದು ಇಂಚಿನ ಸಂದು

ಕಟ್ಟಡ ಕೆಲಸದವರು ಅವಳನ್ನು ಎದುರಿಗೆ ‘ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಕೊಕ್ಕೆ’ ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು. ಕಂಬಿ ಕಟ್ಟುವುದು ಅವಳ ಕಸುಬು. ಪಿಲ್ಲರಿನ ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ಚೌಕದ ರಿಂಗುಗಳಿರುತ್ತವಲ್ಲ, ಅವುಗಳ ಎರಡು ತುದಿಯನ್ನೂ ಪಿಲ್ಲರಿನ ಹೊಟ್ಟೆಯೊಳಕ್ಕೆ ಬಗ್ಗಿಸಿ ಕೊಕ್ಕೆ ಮಾಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ, ರಟ್ಟೆ ಬಿದ್ದುಹೋಗುತ್ತದೆ. ಹೆಚ್ಚಿನವರು ತುದಿಯನ್ನು ಮೂಲೆಗೆ ಒಂದು ಸಲ ಮಡಿಸಿ ಕೈತೊಳೆದುಕೊಳ್ಳುತ್ತಾರೆ. ಕಾಂಕ್ರೀಟು ಬಿದ್ದ ಮೇಲೆ ಒಳಗೆ ಇಣುಕುವವರು ಯಾರು? ಅವಳು ಮಾತ್ರ ಒಂದೊಂದು ರಿಂಗಿಗೂ ಕೊಕ್ಕೆ ಹಾಕಿಸುತ್ತಿದ್ದಳು. ಹಾಕದವನ ಜನ್ಮ ಜಾಲಾಡುತ್ತಿದ್ದಳು. ಜೊತೆಗೆ ಯಾರು ಏನು ಹೇಳಿದರೂ ಅದಕ್ಕೊಂದು ಕೊಕ್ಕೆ ತೆಗೆಯುವ ಬುದ್ಧಿ. ಹೆಸರು ಎರಡಕ್ಕೂ ಸರಿಹೋಯಿತು.

ಈ ಕಥೆ ನಡೆದಾಗ ಅವಳಿಗೆ ಐವತ್ತರ ಆಚೀಚೆ. ಒಣಗಿದ ಮೈ, ಗಂಟುಬಿದ್ದ ಬೆರಳು, ಸದಾ ಗಂಟಿಕ್ಕಿದ ಹುಬ್ಬು. ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. ಒಬ್ಬಳೇ ಮಗಳು. ಕೈಕೆಳಗೆ ಆರು ಜನರ ತಂಡ. ಅಕ್ಕ ನಕ್ಕಿದ್ದನ್ನು ಕಂಡವರಿಗೆ ಅರ್ಧ ದಿನ ರಜೆ ಎಂದು ಆ ಆರು ಜನ ತಮ್ಮಲ್ಲೇ ಪಂದ್ಯ ಕಟ್ಟಿಕೊಂಡಿದ್ದರು. ಯಾರಿಗೂ ರಜೆ ಸಿಕ್ಕಿರಲಿಲ್ಲ.

ಆ ಹಟ ಹುಟ್ಟಿನಿಂದ ಬಂದದ್ದಲ್ಲ. ಅವಳಿಗೆ ಹದಿನಾರು ತುಂಬಿದ ವರ್ಷ ಪಕ್ಕದ ಪಟ್ಟಣದಲ್ಲಿ ನೆಲ ನಡುಗಿ ನೂರಾರು ಮನೆ ಮಲಗಿದವು. ಅಪ್ಪನೂ ಕಂಬಿ ಕೆಲಸದವನೇ. ಕುಸಿದ ಕಾಂಕ್ರೀಟಿನ ಕಂಬಿ ಕತ್ತರಿಸಿ ಹೆಣ ಹೊರತೆಗೆಯಲು ಆಳು ಬೇಕೆಂದು ಕರೆ ಬಂದಾಗ ಹೊರಟ. ಗರಗಸದ ಇನ್ನೊಂದು ತುದಿ ಹಿಡಿಯಲು ಮಗಳನ್ನೂ ಕರೆದೊಯ್ದ. ತಮ್ಮನಿಗೆ ಆಗ ಆರು ವರ್ಷ, ಅಮ್ಮನ ಜೊತೆ ಮನೆಯಲ್ಲುಳಿದ. ಹನ್ನೊಂದು ದಿನ ಅಪ್ಪ ಮಗಳು ಗರಗಸ ಎಳೆದರು. ಅಷ್ಟರಲ್ಲಿ ಅವಳು ಏನೇನು ನೋಡಿದಳೋ, ಅದನ್ನು ಯಾರ ಮುಂದೆಯೂ ಬಾಯಿಬಿಟ್ಟು ಹೇಳಲಿಲ್ಲ. ಒಂದನ್ನು ಬಿಟ್ಟು.

ಒಂಬತ್ತನೆಯ ದಿನ ಅಪ್ಪ ಅವಳನ್ನು ಎರಡು ಕಟ್ಟಡಗಳ ಮುಂದೆ ನಿಲ್ಲಿಸಿದ್ದ. ಒಂದು ಶಾಲೆ, ಬೆಂಕಿಪೊಟ್ಟಣದಂತೆ ನೆಟ್ಟಗಿನ ಕಟ್ಟಡ. ಗಾರೆ ಉದುರಿತ್ತು, ಗೋಡೆ ಸೀಳಿತ್ತು, ಆದರೂ ನಿಂತಿತ್ತು. ಪಕ್ಕದ್ದು ವಸತಿಗೃಹ, ಬಡಗಿಯ ಮೂಲೆಮಟ್ಟದಂತೆ ಎರಡು ತೋಳು ಚಾಚಿಕೊಂಡು ಕಟ್ಟಿದ್ದು. ಎರಡು ತೋಳು ಸೇರುವ ಕಡೆ ಅದು ಮೇಲಿಂದ ಕೆಳಗಿನವರೆಗೆ ಹರಿದು ಬಿದ್ದಿತ್ತು.

“ಎರಡಕ್ಕೂ ಒಂದೇ ಸಿಮೆಂಟು, ಒಬ್ಬನೇ ಮೇಸ್ತ್ರಿ. ಇದ್ಯಾಕೆ ಬಿತ್ತು ಹೇಳು,” ಎಂದ ಅಪ್ಪ.

ಅವಳು ಎರಡನ್ನೂ ಮತ್ತೊಮ್ಮೆ ನೋಡಿದಳು.

“ನೀನೂ ನಿನ್ನ ತಮ್ಮನೂ ಗಟ್ಟಿಯಾಗಿ ಕೈ ಹಿಡ್ಕೊಂಡು ನಿಂತಿದ್ದೀರ ಅಂತಿಟ್ಕೋ. ನಾನು ನಿನ್ನನ್ನ ಈ ಕಡೆ ಎಳೀತೀನಿ, ಅವನನ್ನ ಆ ಕಡೆ. ಕಿತ್ತು ಬರೋದು ಎಲ್ಲಿ?”

“ಹೆಗಲಲ್ಲಿ.”

“ಇದಕ್ಕೂ ಹೆಗಲಲ್ಲೇ ಕಿತ್ತಿದೆ. ಭೂಮಿ ಅಲ್ಲಾಡಿದಾಗ ಉದ್ದನೇ ತೋಳು ಒಂದು ಥರ ತೂಗುತ್ತೆ, ಗಿಡ್ಡ ತೋಳು ಇನ್ನೊಂದು ಥರ. ಮಧ್ಯದ ಮೂಲೆ ಇಬ್ಬರ ಕೈಗೂ ಸಿಕ್ಕಿ ಹರಿಯುತ್ತೆ. ಕೈ ಬಿಡಿಸಿ ದೂರ ನಿಲ್ಲಿಸಿದ್ದಿದ್ರೆ ಎರಡೂ ಬದುಕ್ತಿದ್ವು.”

ಅಪ್ಪ ಬೇಗ ತೀರಿಹೋದ. ತಮ್ಮನನ್ನು ಓದಿಸಿದ್ದು ಅವಳೇ, ಕಂಬಿ ಕಟ್ಟಿಕೊಂಡು. ಅವನು ಚುರುಕು, ಮಾತಿನಲ್ಲಿ ಜೇನು. ಮೊದಲು ಸೈಟಿನ ಉಸ್ತುವಾರಿ, ಆಮೇಲೆ ತಾನೇ ಕಂಟ್ರಾಕ್ಟರ್. ಅವಳ ಗಂಡ ಸತ್ತಾಗ, ಮಗುವನ್ನು ಸೈಟಿನ ಮರಳುಗುಡ್ಡೆಯ ಮೇಲೆ ಮಲಗಿಸುವುದನ್ನು ನೋಡಲಾರದೆ ತಮ್ಮನೇ ಅವಳ ಮಗಳನ್ನು ತನ್ನ ಮನೆಗೆ ಕರೆದೊಯ್ದು ಸಾಕಿದ. ಹೀಗಾಗಿ ಆ ಹುಡುಗಿಗೆ ಅಮ್ಮನೆಂದರೆ ಭಾನುವಾರ ಬಂದು ತಪ್ಪು ಹುಡುಕಿ ಹೋಗುವವಳು. ಮಾವನೆಂದರೆ ಉಳಿದ ಆರು ದಿನ. ಅಕ್ಕನ ತಂಡಕ್ಕೂ ತಮ್ಮನ ಸೈಟುಗಳಲ್ಲೇ ಕೆಲಸ. ಇಬ್ಬರೂ ದಿನಕ್ಕೆ ಮೂರು ಸಲ ಜಗಳವಾಡುತ್ತಿದ್ದರು, ಮೂರು ಸಲವೂ ಮರೆಯುತ್ತಿದ್ದರು. ಆ ಮೂಲೆಯ ನಿವೇಶನದ ಕೆಲಸ ಬರುವವರೆಗೆ.

ನಿವೇಶನ ಎರಡು ರಸ್ತೆ ಕೂಡುವ ಕಡೆ ಇತ್ತು. ಮಾಲೀಕ ಔಷಧಿಯ ಸಗಟು ವ್ಯಾಪಾರಿ, ಬಿಳಿ ಷರಟು, ಮಾತಾಡುವಾಗ ಎದುರಿನವರ ತಲೆಯ ಮೇಲಿನ ಗಾಳಿಯನ್ನು ನೋಡುವವ. ಅವನಿಗೆ ಎರಡೂ ರಸ್ತೆಗೆ ಮುಖವಿರುವ ಐದು ಅಂತಸ್ತಿನ ಕಟ್ಟಡ ಬೇಕಿತ್ತು: ಒಂದು ರಸ್ತೆಗೆ ಉದ್ದನೆಯ ತೋಳು, ಇನ್ನೊಂದಕ್ಕೆ ಗಿಡ್ಡ ತೋಳು, ಕೆಳಗೆ ಗೋಡೆಯೇ ಇಲ್ಲದ ಅಂಗಡಿ ಸಾಲು, ಮೇಲೆ ಮನೆಗಳು. ಲೆಕ್ಕ ಹಾಕಿದ ಇಂಜಿನಿಯರ್ ಚಿಕ್ಕ ವಯಸ್ಸಿನವನು, ದಪ್ಪ ಕನ್ನಡಕದವನು. ಅವನ ನಕ್ಷೆಯಲ್ಲಿ ಎರಡು ತೋಳೂ ಬೇರೆ ಬೇರೆ ಕಟ್ಟಡ. ನಡುವೆ ತಳದಿಂದ ತಾರಸಿಯವರೆಗೆ ಐದು ಇಂಚಿನ ಸಂದು.

“ಈ ಸಂದು ಯಾಕೆ ಗೊತ್ತಾ ಅಮ್ಮ?” ಎಂದು ಅವನು ಅವಳನ್ನು ಕೇಳಿದ. ಮೇಸ್ತ್ರಿಗಳನ್ನು ಹಾಗೆ ಕೇಳುವ ಇಂಜಿನಿಯರ್‌ಗಳು ಕಡಿಮೆ.

“ಕೈ ಬಿಡಿಸಕ್ಕೆ,” ಎಂದಳು.

ಅವನು ಕನ್ನಡಕ ಸರಿಮಾಡಿಕೊಂಡು ಅವಳನ್ನೇ ನೋಡಿದ. ಅಪ್ಪನ ಮಾತನ್ನು ಕಾಗದದ ಮೇಲೆ ಕಂಡದ್ದು ಅವಳಿಗೆ ಅದೇ ಮೊದಲು. ತಳಪಾಯದ ಮತ್ತು ಕೆಳ ಅಂತಸ್ತಿನ ಕಂಬಿಯನ್ನು ಅವಳು ಯಾರ ಮೇಲೂ ಕಿರುಚದೆ ಕಟ್ಟಿ ಮುಗಿಸಿದಳು. ಅಕ್ಕನಿಗೆ ಮೈಗೆ ಹುಷಾರಿಲ್ಲವೇನೋ ಎಂದು ತಂಡದವರು ಮುಖಮುಖ ನೋಡಿಕೊಂಡರು.

ಆಮೇಲೆ ಮಾಲೀಕನಿಗೆ ಒಂದು ಆಸೆ ಹುಟ್ಟಿತು. ಮೊದಲ ಅಂತಸ್ತಿನಲ್ಲಿ ತನ್ನ ಸ್ವಂತ ಮನೆ. ಎರಡು ತೋಳು ಸೇರುವ ಮೂಲೆಯಲ್ಲೇ ದೊಡ್ಡ ಹಾಲ್. ಸಂದು ಆ ಹಾಲಿನ ನಟ್ಟನಡುವೆ ಬರುತ್ತಿತ್ತು.

“ಹೊಸ ಮನೇಲಿ ಬಿರುಕು ಇಟ್ಕೊಂಡು ಬಾಳಕ್ಕಾಗುತ್ತೇನ್ರೀ?” ಎಂದ. “ನೀರು ಸೋರುತ್ತೆ, ಜಿರಲೆ ಬರುತ್ತೆ. ಮುಚ್ಚಿ.”

ಇಂಜಿನಿಯರ್ ಆಗುವುದಿಲ್ಲ ಎಂದ. ಎರಡು ವಾರದಲ್ಲಿ ಇಂಜಿನಿಯರ್ ಬದಲಾದ. ಹೊಸಬ ಸೈಟಿಗೆ ಕಾಲಿಡಲಿಲ್ಲ. ಅವನ ಸಹಿ ಮಾತ್ರ ಬಂತು. ಅವಳಿಗೆ ವಿಷಯ ತಿಳಿದದ್ದು ಲಾರಿಯಿಂದ ಇಳಿದ ಕಂಬಿಯಿಂದ: ಬೀಮಿನ ಕಂಬಿಗಳು ಸಂದನ್ನು ದಾಟಿ ಈ ತೋಳಿನಿಂದ ಆ ತೋಳಿಗೆ ಹೋಗುವಷ್ಟು ಉದ್ದವಿದ್ದವು.

ಅವಳು ತಮ್ಮನ ಕಾರಿನ ಮುಂದೆ ಹೋಗಿ ನಿಂತಳು. ಅವನು ಕಿಟಕಿ ಇಳಿಸಿದ.

“ಅಕ್ಕ, ಇವತ್ತು ನನ್ನ ತಲೆ ತಿನ್ಬೇಡ. ಇದೊಂದು ಅಂತಸ್ತು ಕಟ್ಬಿಡು. ಮೇಲಿಂದಕ್ಕೆ ಸಂದು ಬಿಡೋಣ, ನಾನು ಯಜಮಾನ್ರಿಗೆ ಒಪ್ಪಿಸ್ತೀನಿ.”

“ಒಂದು ಕಡೆ ಹೊಲಿದು ಇನ್ನೊಂದು ಕಡೆ ಬಿಟ್ರೆ ಏನು ಬಂತೋ?”

“ನನ್ನ ಮುಖ ನೋಡು. ಈ ಕೆಲಸ ಕೈಬಿಟ್ರೆ ನಾನು ಮುಗಿದೆ. ನಿನ್ನ ಕಾಲಿಗೆ ಬೀಳ್ಲಾ?”

ಅವಳು ಅವನ ಮುಖ ನೋಡಿದಳು. ತಾನೇ ಎತ್ತಿ ಸಾಕಿದ ಮುಖ. ಆ ಅಂತಸ್ತಿನ ಕಂಬಿಯನ್ನು ಕಟ್ಟಿದಳು. ಸಂದಿನ ಮೇಲೆ ಹಾದುಹೋದ ಕಂಬಿಗಳಿಗೆ ತಂತಿ ಸುತ್ತುವ ಕೆಲಸವನ್ನು ಬೇರೆಯವರಿಗೆ ಬಿಡದೆ ತಾನೇ ಸುತ್ತಿದಳು, ತಪ್ಪನ್ನೂ ಅಚ್ಚುಕಟ್ಟಾಗಿ ಮಾಡುವವಳಂತೆ.

ಎರಡನೆಯ ಅಂತಸ್ತಿಗೂ ಅಷ್ಟೇ ಉದ್ದದ ಕಂಬಿ ಬಂತು. ಕೊಟ್ಟ ಮಾತಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ತಂಡ ಅದನ್ನು ಕಟ್ಟಿ ಮುಗಿಸಿತು, ಮರುದಿನ ಕಾಂಕ್ರೀಟು ಹಾಕುವುದಿತ್ತು. ಆ ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲೇ ಮೇಲೆ ಹತ್ತಿ, ಸಂದು ಇರಬೇಕಾದ ಉದ್ದಕ್ಕೂ ಕಟ್ಟು ತಂತಿಯನ್ನೆಲ್ಲ ಕತ್ತರಿಸಿ, ಕಂಬಿಗಳನ್ನು ಸಂದಿನ ಆಚೆಗೂ ಈಚೆಗೂ ಎಳೆದು ಹಾಕಿದಳು. ತಮ್ಮ, ಮಾಲೀಕ, ಕಾಂಕ್ರೀಟಿನ ಜನ ಎಲ್ಲರೂ ಬಂದಾಗ ಅವಳು ಕಂಬಿಯ ಜಾಲದ ಮೇಲೆ ಕಾಲು ನೀಡಿ ಕುಳಿತಿದ್ದಳು.

“ಏನಿದು?” ಎಂದ ತಮ್ಮ.

“ನಕ್ಷೇಲಿ ಇದ್ದಿದ್ದು.”

“ನಕ್ಷೆ ಬದಲಾಗಿದೆ.”

“ಭೂಮಿಗೆ ಹೇಳಿದ್ದೀಯಾ?”

ಮಾಲೀಕ ಅವಳ ತಲೆಯ ಮೇಲಿನ ಗಾಳಿಯತ್ತ ನೋಡುತ್ತ ನಕ್ಕ. “ಕಂಬಿ ಕಟ್ಟೋರಿಗೆಲ್ಲ ಇಂಜಿನಿಯರಿಂಗು ಬಂದ್ಬಿಟ್ರೆ ಕಾಲೇಜು ಯಾಕೆ ಬೇಕು? ಇಲ್ಲಿ ಭೂಕಂಪ ಆಗಿ ಯಾವ ಕಾಲ ಆಯ್ತು?”

“ಅದಕ್ಕೇ ಹೇಳ್ತಿರೋದು ಯಜಮಾನ್ರೇ. ತುಂಬ ದಿನ ಆಗಿದೆ.”

“ಇವಳನ್ನ ಇಳಿಸ್ತೀಯೋ, ಬೇರೆ ಕಂಟ್ರಾಕ್ಟರನ್ನ ನೋಡ್ಲೋ?” ಎಂದ ಮಾಲೀಕ ತಮ್ಮನ ಕಡೆ ತಿರುಗಿ.

ತಮ್ಮ ಅವಳ ರಟ್ಟೆ ಹಿಡಿದೆಳೆದ. ಅವಳು ಕೊಸರಿದಳು. ಅವನು ತಳ್ಳಿದ. ಬೇಕೆಂದೇ ತಳ್ಳಿದನೋ, ಕೈಜಾರಿತೋ, ಮೊಣಕಾಲು ಕಂಬಿಗೆ ಬಡಿದು ಚರ್ಮ ಸುಲಿಯಿತು. ಮೂವತ್ತು ಜನ ನೋಡುತ್ತಿದ್ದರು. ಅವಳ ತಂಡದ ಆರು ಜನರೂ ನೋಡುತ್ತಿದ್ದರು, ಒಬ್ಬನೂ ಅಲ್ಲಾಡಲಿಲ್ಲ.

“ಕೆಳಗಿಳಿ. ಇನ್ಮೇಲೆ ನನ್ನ ಯಾವ ಸೈಟಿಗೂ ಬರಬೇಡ. ನನ್ನ ಮನೆಗೂ.”

“ನಿನ್ನ ಮನೇಲಿ ನನ್ನ ಮಗಳಿದ್ದಾಳೆ.”

“ಅವಳನ್ನ ಕೇಳು, ಯಾರ ಜೊತೆ ಇರ್ತಾಳೋ.”

ಅವಳು ಕೇಳಲಿಲ್ಲ. ಉತ್ತರ ಗೊತ್ತಿದ್ದ ಪ್ರಶ್ನೆಯನ್ನು ಕೇಳಿ ಅವಮಾನಪಡುವ ಜಾಯಮಾನ ಅವಳದಲ್ಲ. ಕುಂಟುತ್ತ ನೇರವಾಗಿ ನಗರಸಭೆಗೆ ಹೋಗಿ ದೂರು ಬರೆಸಿದಳು. ಗುಮಾಸ್ತ ಅದನ್ನು ಎರಡು ಸಲ ಓದಿ, “ತಮ್ಮನ ಮೇಲೇನಾ?” ಎಂದ. “ಕಟ್ಟಡದ ಮೇಲೆ,” ಎಂದಳು. ಅವನು ಮುದ್ರೆ ಒತ್ತಿ ಕಾಗದವನ್ನು ಒಂದು ಗಂಟಿನೊಳಗೆ ತುರುಕಿದ. ಆರು ತಿಂಗಳು ವಾರಕ್ಕೊಮ್ಮೆ ಹೋಗಿ ಬಂದಳು. ಅವಳು ಬಾಗಿಲಲ್ಲಿ ಕಾಣಿಸಿದರೆ ಗುಮಾಸ್ತ ಊಟಕ್ಕೇಳುತ್ತಿದ್ದ, ಬೆಳಿಗ್ಗೆ ಹತ್ತಾದರೂ.

ಊರಲ್ಲಿ ಕೆಲಸ ಸಿಗುವುದು ನಿಂತಿತು. ಕಂಟ್ರಾಕ್ಟರುಗಳು ಒಬ್ಬರಿಗೊಬ್ಬರು ಹೇಳಿಕೊಂಡರು: ಕೊಕ್ಕೆ ಬಂದರೆ ಹಿಂದೆಯೇ ದೂರು ಬರುತ್ತದೆ. ತಂಡ ಚದುರಿತು. ಅವಳು ದೂರದ ಸಣ್ಣಪುಟ್ಟ ಕೆಲಸ ಹಿಡಿದಳು, ನೀರಿನ ತೊಟ್ಟಿ, ಗೋದಾಮು, ಕಾಂಪೌಂಡು. ಆ ಕಟ್ಟಡ ಮಾತ್ರ ಸಂದಿಲ್ಲದೆಯೇ ಐದು ಅಂತಸ್ತೂ ಎದ್ದು, ಬಣ್ಣ ಹೊಡೆಸಿಕೊಂಡು, ಗಾಜಿನ ಅಂಗಡಿಗಳ ಮೇಲೆ ಮೆರೆಯಿತು.

ಮಗಳಿಗೆ ಮದುವೆಯಾದಾಗ ಸೋದರಮಾವ ಆ ಕಟ್ಟಡದ ಮೂರನೆಯ ಅಂತಸ್ತಿನಲ್ಲೊಂದು ಮನೆ ಮಾಡಿಸಿಕೊಟ್ಟ. ಉದ್ದನೆಯ ತೋಳಿನಲ್ಲಿ, ಮೂಲೆಯಿಂದ ಎರಡನೆಯ ಬಾಗಿಲು. ಅವಳು ಮಗಳ ಹೊಸ ಮನೆಗೆ ಹೋಗಲಿಲ್ಲ. ಮಗಳೇ ಬಂದು ಬಾಗಿಲಲ್ಲಿ ನಿಂತಳು.

“ಒಂದು ಸಲ ಬಂದು ಹೋದ್ರೆ ನಿನ್ನ ಗಂಟೇನು ಹೋಗುತ್ತೆ ಅಮ್ಮ? ಗಂಡನ ಮನೆಯವರು ಕೇಳ್ತಾರೆ.”

“ಬೇರೆ ಮನೆ ನೋಡು. ಬಂದು ನೆಲ ಒರೆಸಿಕೊಡ್ತೀನಿ.”

“ನಿನಗೆ ಮಾವನ ಮೇಲೆ ಹೊಟ್ಟೆಕಿಚ್ಚು. ಅವನು ಮೇಲೆ ಬಂದ, ನೀನು ಅಲ್ಲೇ ಉಳಿದೆ.”

“ಇರಬಹುದು. ಆದ್ರೂ ಮನೆ ಬದಲಾಯಿಸು.”

“ನೀನು ನನ್ನನ್ನ ಸಾಕಲಿಲ್ಲ. ಹೆದರಿಸೋ ಹಕ್ಕೂ ನಿನಗಿಲ್ಲ.”

ಮಗಳು ಹೋದ ಮೇಲೆ ಅವಳು ಮೂಲೆಯಲ್ಲಿದ್ದ ಕಂಬಿ ಬಗ್ಗಿಸುವ ಸಲಾಕೆಯನ್ನು ಎತ್ತಿ ಗೋಡೆಗೆ ಬೀಸಿದಳು. ಗಾರೆ ಉದುರಿತು. ಅದನ್ನು ಗುಡಿಸಿ ಅಡುಗೆಗೆ ಕುಳಿತಳು.

ತಮ್ಮ ಅವಳನ್ನು ಸೈಟಿನಿಂದ ಇಳಿಸಿ ನಾಲ್ಕು ವರ್ಷವಾದ ಮೇಲೆ, ಒಂದು ಮಧ್ಯಾಹ್ನ ಮೂರರ ಹೊತ್ತಿಗೆ ಅದು ಬಂತು. ಅವಳು ಊರಂಚಿನ ಗೋದಾಮಿನ ಕೆಲಸದಲ್ಲಿದ್ದಳು. ಎದ್ದು ನಿಲ್ಲಿಸಿದ್ದ ಪಿಲ್ಲರ್ ಕಂಬಿಗಳು ತಮ್ಮಷ್ಟಕ್ಕೆ ತಾವೇ ಒಂದಕ್ಕೊಂದು ಬಡಿದುಕೊಂಡು ಗಣಗಣ ಎಂದವು. ಕಾಲ ಕೆಳಗಿನ ನೆಲ ಜರಡಿಯಾಯಿತು. ಎಣಿಸಿದಳು, ಎಣಿಕೆ ನಲವತ್ತಕ್ಕೆ ಹೋದಾಗ ನಿಂತಿತು. ಕೈಯಲ್ಲಿದ್ದುದನ್ನು ಎಸೆದು ಓಡತೊಡಗಿದಳು. ದಾರಿಯುದ್ದಕ್ಕೂ ಜನ ಬೀದಿಗೆ ಬಂದಿದ್ದರು. ಬಹುಪಾಲು ಕಟ್ಟಡಗಳು ನಿಂತೇ ಇದ್ದವು, ಕಿಟಕಿಗಾಜು ಕಳೆದುಕೊಂಡು. ಬಿದ್ದಿದ್ದರೆ ಅದೊಂದೇ ಬಿದ್ದಿರುತ್ತದೆ ಎಂದು ಅವಳಿಗೆ ಇನ್ನೂ ಹೆಚ್ಚು ಭಯವಾಯಿತು.

ಆ ಕಟ್ಟಡ ಹೆಗಲಲ್ಲಿ ಕಿತ್ತಿತ್ತು. ಒಳಮೂಲೆಯಲ್ಲಿ ತಾರಸಿಯಿಂದ ನೆಲದವರೆಗೆ ಒಂದೇ ಸೀಳು. ಮೂಲೆಯ ಪಿಲ್ಲರುಗಳು ಅಂಗಡಿ ಸಾಲಿನ ಮಟ್ಟದಲ್ಲಿ ಮುರಿದು, ಮಾಲೀಕನ ಹಾಲ್ ಕೆಳಗಿದ್ದ ಹೊಲಿಗೆ ಅಂಗಡಿಯ ಮೇಲೆ ಕುಳಿತಿತ್ತು, ಅದರ ಮೇಲೆ ಮತ್ತೊಂದು ಅಂತಸ್ತು. ಮೆಟ್ಟಿಲೂ ಲಿಫ್ಟೂ ಆ ಮೂಲೆಯಲ್ಲೇ ಇದ್ದವು, ಈಗ ಇರಲಿಲ್ಲ. ಗಿಡ್ಡ ತೋಳು ತಿರುಚಿಕೊಂಡು ರಸ್ತೆಯ ಕಡೆ ವಾಲಿತ್ತು. ಉದ್ದನೆಯ ತೋಳು ನಿಂತಿತ್ತು. ಮೂರನೆಯ ಅಂತಸ್ತಿನ ಕಿಟಕಿಯಲ್ಲಿ ಮಗಳು ಸರಳು ಹಿಡಿದು ನಿಂತಿದ್ದಳು. ಹೊಟ್ಟೆಯಲ್ಲಿ ನಾಲ್ಕು ತಿಂಗಳು ಎಂದು ಅವಳಿಗೆ ಯಾರೋ ಮೂರನೆಯವರಿಂದ ತಿಳಿದಿತ್ತು.

ಅಗ್ನಿಶಾಮಕದವರು ಬಂದಿದ್ದರು. ಮುರಿದ ಮೂಲೆಯ ಮೇಲೆ ಹತ್ತಿ, ಮೆಟ್ಟಿಲಿದ್ದ ಕಡೆಯಿಂದ ಏಣಿ ಹಾಕಿ ಒಳನುಗ್ಗಲು ನೋಡುತ್ತಿದ್ದರು. ಅವಳು ಹಗ್ಗ ದಾಟಿ ಅವರ ಮುಖ್ಯಸ್ಥನ ತೋಳು ಹಿಡಿದಳು.

“ಅಲ್ಲಿ ಬೇಡ. ಆ ಮೂಲೆ ಇನ್ನೊಂದು ನಡುಕ ತಡೆಯಲ್ಲ. ರಸ್ತೆ ಕಡೆಯ ಕೊನೆ ಕಿಟಕಿಯಿಂದ ಇಳಿಸಿ.”

“ನೀವು ಯಾರಮ್ಮ?”

“ಇದರ ಕಂಬಿ ಕಟ್ಟಿದೋಳು.”

ತಮ್ಮ ಅಲ್ಲೇ ನಿಂತಿದ್ದ. ಅವನ ಷರಟಿನ ಗುಂಡಿ ಹಾಕಿರಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಅವನೊಡನೆ ಮಾತಾಡಿದಳು, ಎಲ್ಲರಿಗೂ ಕೇಳುವಂತೆ.

“ಎರಡನೇ ಅಂತಸ್ತಿಂದ ಮೇಲೆ ರಿಂಗು ಎಷ್ಟೆಷ್ಟು ದೂರಕ್ಕೆ ಕಟ್ಟಿಸಿದೆ?”

ಅವನು ಏಣಿಯ ಕಡೆ ನೋಡಿದ.

“ಈ ಹುಡುಗರು ಮೇಲೆ ಹತ್ತಕ್ಕೆ ಹೋಗ್ತಿದ್ದಾರೆ. ಬಾಯಿಬಿಡು.”

“ಹತ್ತಿಂಚು,” ಎಂದ.

“ನಕ್ಷೇಲಿ ಎಷ್ಟಿತ್ತು?”

“ನಾಲ್ಕು.”

“ತುದಿಗೆ ಕೊಕ್ಕೆ?”

ಅವನು ತಲೆಯಲ್ಲಾಡಿಸಿದ. ಇಲ್ಲ ಎಂದು.

ಮುಖ್ಯಸ್ಥ ಇಬ್ಬರನ್ನೂ ನೋಡಿ, ಏಣಿಯನ್ನು ಮೂಲೆಯಿಂದ ತೆಗೆಸಿ ಉದ್ದ ತೋಳಿನ ಕೊನೆಗೆ ಒಯ್ಯಿಸಿದ. ಸರಳು ಕತ್ತರಿಸಿ ಹದಿನೇಳು ಜನರನ್ನು ಕಿಟಕಿಯಿಂದ ಇಳಿಸಿದರು. ಮಗಳು ಒಂಬತ್ತನೆಯವಳು. ಇಳಿದವಳೇ ಅಮ್ಮನನ್ನು ದಾಟಿ ಹೋಗಿ ಮಾವನ ಎದೆಗೆ ಬಿದ್ದಳು. ಅವನು ಅವಳ ಬೆನ್ನ ಮೇಲೆ ಕೈಯಿಡಲು ಹೋಗಿ ಇಡಲಾರದೆ ಹಾಗೇ ನಿಂತ. ಅರ್ಧ ಗಂಟೆಯ ಮೇಲೆ ಎರಡನೆಯ ಕಂಪನ ಬಂದಾಗ ಮೂಲೆಯ ಉಳಿದ ಭಾಗವೂ ಧೂಳೆಬ್ಬಿಸಿ ಕೂತಿತು.

ನಾಲ್ಕು ಜನ ಸತ್ತರು. ಮೆಟ್ಟಿಲಿಳಿಯುತ್ತಿದ್ದ ಒಬ್ಬ ತಾತ ಮತ್ತು ಅವರ ಮೊಮ್ಮಗಳು, ಕೆಳಗಿನ ಹೊಲಿಗೆ ಅಂಗಡಿಯವ, ಮತ್ತು ಹಾಲ್‌ನಲ್ಲಿ ಮಲಗಿದ್ದ ಮಾಲೀಕನ ಹೆಂಡತಿ.

ವಿಚಾರಣೆ ಎಂಟು ವಾರ ನಡೆಯಿತು. ಕಟ್ಟಡ ಪರೀಕ್ಷಿಸಲು ಬಂದವರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಹಿರಿಯ ಮೇಡಂ. ಅವರು ಚಾಣ, ಸುತ್ತಿಗೆ ಹಿಡಿದು ತಾವೇ ಪಿಲ್ಲರುಗಳ ಸಿಪ್ಪೆ ಬಿಡಿಸಿದರು. ಉದ್ದ ತೋಳಿನ ಕೆಳ ಅಂತಸ್ತಿನಲ್ಲಿ ಪಿಲ್ಲರುಗಳ ಹೊರಮೈ ಉದುರಿದ್ದರೂ ರಿಂಗುಗಳು ಬಾಯಿ ತೆರೆದಿರಲಿಲ್ಲ. ಒಳಗಿನ ಕಾಂಕ್ರೀಟನ್ನು ಹಿಡಿದೇ ಇದ್ದವು. ಮೇಲಿನ ಅಂತಸ್ತುಗಳಲ್ಲಿ ರಿಂಗುಗಳು ಬಿಚ್ಚಿದ ಬಳೆಗಳಂತೆ ಜೋತಿದ್ದವು. ಇದೆಲ್ಲ ವರದಿಯಲ್ಲಿ ಬಂತು. ಊರಿನವರಿಗೆ ವರದಿ ಬೇಕಿರಲಿಲ್ಲ. ಅವಳದು ಕರಿನಾಲಿಗೆ, ಅವಳು ಆಡಿದ್ದೇ ಆಯಿತು ಎಂದು ಮಾತಾಡಿಕೊಂಡರು. ಅವಳು ಅಂಗಡಿಗೆ ಹೋದರೆ ಮುಂದೆ ನಿಂತವರು ಜಾಗ ಬಿಟ್ಟು ಸರಿಯುತ್ತಿದ್ದರು. ಸಾಮಾನು ಬೇಗ ಸಿಗುತ್ತಿತ್ತು, ಅಷ್ಟೇ ಲಾಭ.

ವಿಚಾರಣೆಯ ಕಚೇರಿಯ ಮೊಗಸಾಲೆಯಲ್ಲಿ ಮಾಲೀಕ ಎದುರಾದ. ಹೆಂಡತಿಯನ್ನು ಕಳೆದುಕೊಂಡವನು ಸೊರಗಿದ್ದ. ಮೊದಲ ಸಲ ಅವನು ಅವಳ ಕಣ್ಣನ್ನೇ ನೋಡಿದ.

“ನಿನ್ನ ಶಾಪ ತಟ್ಟಿತು. ಸಮಾಧಾನ ಆಯ್ತಾ?”

“ಶಾಪಕ್ಕೆ ಕಂಬಿ ಕತ್ತರಿಸೋ ಶಕ್ತಿ ಇದ್ದಿದ್ರೆ ಆವತ್ತೇ ಕತ್ತರಿಸಿರ್ತಿದ್ದೆ. ನಿಮ್ಮ ಹೆಂಡತಿ ಬದುಕಿರ್ತಿದ್ರು.”

ಅವನು ಕೈಯೆತ್ತಿದ. ಜೊತೆಯಲ್ಲಿದ್ದವರು ಹಿಡಿದುಕೊಂಡರು. ಅವಳು ಹಿಂದೆ ಸರಿಯಲಿಲ್ಲ, ಮೆತ್ತಗೂ ಆಗಲಿಲ್ಲ.

ಸಾಕ್ಷಿ ಹೇಳುವ ದಿನ ತಮ್ಮನ ವಕೀಲ ಅವಳನ್ನು ಮೂಲೆಗೆ ಒತ್ತಲು ನೋಡಿದ.

“ಮೊದಲನೇ ಅಂತಸ್ತಿನಲ್ಲಿ ಸಂದಿನ ಮೇಲೆ ಕಂಬಿ ದಾಟಿಸಿ ಕಟ್ಟಿದ್ದು ಯಾರು?”

“ನಾನೇ.”

“ತಪ್ಪು ಅಂತ ಗೊತ್ತಿದ್ದೂ?”

“ಗೊತ್ತಿದ್ದೂ.”

“ಮತ್ಯಾಕೆ ಕಟ್ಟಿದಿರಿ?”

ಅವಳು ತಮ್ಮನ ಕಡೆ ನೋಡಿದಳು. ಅವನು ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ.

“ಅವನು ಕೇಳ್ಕೊಂಡ. ಆ ಹಾಲ್ ಅದೇ ಅಂತಸ್ತಲ್ಲಿದ್ದದ್ದು. ಆ ಹೆಂಗಸು ಸತ್ತ ಜಾಗದಲ್ಲಿ ನನ್ನ ಕೈ ಸುತ್ತಿದ ತಂತೀನೇ ಇದೆ. ಬರ್ಕೊಳ್ಳಿ. ಆಮೇಲೆ ಅವನು ಮಾಡಿದ್ದನ್ನೂ ಬರ್ಕೊಳ್ಳಿ, ಒಂದೂ ಬಿಡದೆ ಹೇಳ್ತೀನಿ.”

ಒಂದೂ ಬಿಡದೆ ಹೇಳಿದಳು. ಅವಳ ಮೇಲೂ ಆರೋಪ ಬಂತು. ಹಳೆಯ ದೂರಿನ ಕಾಗದ ನಗರಸಭೆಯ ಗಂಟಿನಲ್ಲಿ ಮುದ್ರೆಸಹಿತ ಸಿಕ್ಕಿದ್ದರಿಂದ ಎಚ್ಚರಿಕೆ ಹೇಳಿ ಬಿಟ್ಟರು. ತಮ್ಮನಿಗೆ ಮೂರು ವರ್ಷ ಸಜೆಯಾಯಿತು. ಸಹಿ ಹಾಕಿದ ಇಂಜಿನಿಯರ್ ಪರವಾನಗಿ ಕಳೆದುಕೊಂಡ. ಮಾಲೀಕ ಮೇಲಿನ ಕೋರ್ಟಿಗೆ ಹೋದ. ಮಗಳು ತೀರ್ಪಿನ ದಿನ ಬಾಗಿಲ ಬಳಿ ಅಮ್ಮನನ್ನು ತಡೆದು, “ನನ್ನನ್ನ ಸಾಕಿದವನನ್ನ ಒಳಗೆ ಹಾಕ್ಸಿದೆ. ಇನ್ನು ನಿನಗೂ ನನಗೂ ಮುಗೀತು,” ಎಂದು ಹೇಳಿ ಹೋದಳು. ಮಗು ಹುಟ್ಟಿದ ಸುದ್ದಿಯೂ ಅವಳಿಗೆ ಬೇರೆಯವರಿಂದಲೇ ಬಂತು.

ತಮ್ಮನನ್ನು ನೋಡಲು ಜೈಲಿಗೆ ಒಮ್ಮೆ ಹೋದಳು. ಜಾಲರಿಯ ಆಚೆ ಅವನು ಬಂದು ಕುಳಿತ. ತೂಕ ಇಳಿದಿತ್ತು.

“ಯಾಕೆ ಬಂದೆ? ಕ್ಷಮೆ ಕೇಳಕ್ಕಾ?”

“ಅಲ್ಲ. ನೀನು ಕೇಳ್ತೀಯೇನೋ ಅಂತ.”

“ಇಲ್ಲ.”

“ಸರಿ,” ಎಂದು ಎದ್ದಳು. ತಂದಿದ್ದ ಎರಡು ಬನಿಯನ್ನು, ಒಂದು ಟವೆಲನ್ನು ಕಾವಲುಗಾರನ ಕೈಗೆ ಕೊಟ್ಟು ಬಸ್ಸು ಹಿಡಿದಳು. ದಾರಿಯಲ್ಲಿ ಕಂಡಕ್ಟರನೊಡನೆ ಸೀಟಿಗಾಗಿ ಜಗಳವಾಡಿದಳು.

ಮುಂದಿನ ವರ್ಷ ಗಿಡ್ಡ ತೋಳನ್ನು ಪೂರ್ತಿ ಕೆಡವಿದರು. ಉದ್ದ ತೋಳನ್ನು ಉಳಿಸಬಹುದು ಎಂದು ಮೇಡಂ ಹೇಳಿದರು: ಕೆಳಗೆ ಉಕ್ಕಿನ ಆಸರೆ ಕೊಟ್ಟು, ಮೊದಲು ಮೇಲಿನ ಪಿಲ್ಲರುಗಳಿಗೆ, ಕಡೆಗೆ ಕೆಳಗಿನವಕ್ಕೆ, ಒಂದೊಂದಾಗಿ ಸಿಪ್ಪೆ ಬಿಡಿಸಿ, ಸುತ್ತ ಹೊಸ ಕಂಬಿ ಕಟ್ಟಿ ಹೊಸ ಕಾಂಕ್ರೀಟು ತುಂಬಬೇಕು, ಹಳೆಯ ಮೈಗೆ ದಪ್ಪ ಅಂಗಿ ತೊಡಿಸಿದ ಹಾಗೆ. ಅಂಗಡಿ ಸಾಲಿನ ನಡುನಡುವೆ ಗೋಡೆಯೂ ಬರಬೇಕು. ಕಂಬಿ ಕೆಲಸಕ್ಕೆ ಯಾರು ಎಂದಾಗ ಅವರು ಅವಳನ್ನೇ ಕರೆಸಿ ಎಂದರು. ನಿವಾಸಿಗಳ ಸಭೆಯಲ್ಲಿ ಗುಸುಗುಸು ಎದ್ದಿತು.

“ಊರಲ್ಲಿ ಬೇರೆ ಯಾರೂ ಇಲ್ವಾ ಮೇಡಂ? ಆ ಕರಿನಾಲಿಗೆಯವಳೇ ಬೇಕಾ?”

“ನಾನು ಕರೀತಿರೋದು ನಾಲಿಗೇನಲ್ಲ, ಕೈನ,” ಎಂದರು ಮೇಡಂ.

ಅವಳು ಬಂದಳು. ಹೊಸ ತಂಡ, ನಾಲ್ಕೇ ಜನ. ಮೇಲಿನ ಕೆಲಸ ಮುಗಿಯುತ್ತ ಬಂದಂತೆ ನಿವಾಸಿಗಳು ಒಬ್ಬೊಬ್ಬರಾಗಿ ಮರಳಿದರು. ಹೊರಗಿನಿಂದ ತಾತ್ಕಾಲಿಕ ಕಬ್ಬಿಣದ ಮೆಟ್ಟಿಲು ಹಾಕಿಸಿದ್ದರು. ಯಾರೂ ಅವಳಿಗೆ ನೀರು ಬೇಕೇ ಎಂದು ಕೇಳಲಿಲ್ಲ. ಅವಳೂ ಯಾರ ಕಡೆ ನೋಡಲಿಲ್ಲ. ಮೂರನೆಯ ಅಂತಸ್ತಿನ ಎರಡನೆಯ ಬಾಗಿಲಿನಲ್ಲಿ ಮಗಳ ಸಂಸಾರವೂ ಮರಳಿತ್ತು. ಒಣಗಲು ಹಾಕಿದ ಸಣ್ಣ ಸಣ್ಣ ಬಟ್ಟೆಗಳು ಕೆಳಗಿನಿಂದ ಕಾಣುತ್ತಿದ್ದವು.

ಕೆಳ ಅಂತಸ್ತಿನ ಕೆಲಸ ಶುರುವಾದ ಮೂರನೆಯ ಮಧ್ಯಾಹ್ನ ಮಗಳು ಮೆಟ್ಟಿಲಿಳಿದು ಬಂದಳು. ಡ್ರಿಲ್ಲಿನ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಕೊಕ್ಕೆ ಕೈಯೆತ್ತಿ ಅದನ್ನು ನಿಲ್ಲಿಸಿದಳು. ಇಬ್ಬರೂ ನಡುವೆ ಒಂದು ಪಿಲ್ಲರ್ ಬಿಟ್ಟು ನಿಂತರು.

“ಇದು ಇನ್ನೆಷ್ಟು ದಿನ?” ಎಂದಳು ಮಗಳು.

“ಹದಿನೆಂಟು ದಿನ.”

“ಮಗು ಮಲಗ್ತಿಲ್ಲ.”

“ಯಾವಾಗ ಮಲಗುತ್ತೆ?”

ಮಗಳು ಸಿಪ್ಪೆ ಸುಲಿದ ಪಿಲ್ಲರನ್ನು ನೋಡಿದಳು.

“ಎರಡರಿಂದ ನಾಲ್ಕು.”

“ಆಗ ನಿಲ್ಲಿಸ್ತೀನಿ.”

“ನಿನ್ನ ಉಪಕಾರ ಅಂತ ತಿಳ್ಕೋಬೇಡ.”

“ತಿಳ್ಕೊಂಡಿಲ್ಲ. ಮೇಲೆ ಹೋಗು, ಧೂಳಿದೆ.”

ಮಗಳು ಹೋದಳು. ಮರುದಿನ ಸರಿಯಾಗಿ ಎರಡಕ್ಕೆ ಕೊಕ್ಕೆ ಹೋಗಿ ಸ್ವಿಚ್ಚು ಆರಿಸಿದಳು. ಡ್ರಿಲ್ಲು ಹಿಡಿದವನು ಕರೆಂಟ್ ಹೋಯಿತೇ ಎಂದು ಕೇಳಿದ. ಇಲ್ಲ, ಸುಮ್ಮನೆ ಕೂತ್ಕೋ, ರಿಂಗು ಬಗ್ಗಿಸು, ಸದ್ದು ಮಾಡಬೇಡ ಎಂದು ಗದರಿದಳು. ನಾಲ್ಕಕ್ಕೆ ಮತ್ತೆ ಹಾಕಿದಳು. ಹದಿನೆಂಟು ದಿನದ ಕೆಲಸ ಇಪ್ಪತ್ತಮೂರು ದಿನ ಹಿಡಿಯಿತು. ಯಾಕೆ ತಡ ಎಂದು ನಿವಾಸಿಗಳು ಮೇಡಂಗೆ ದೂರು ಕೊಟ್ಟರು. ಅವಳು ಕಾರಣ ಹೇಳಲಿಲ್ಲ. ಮಗಳೂ ಮತ್ತೆ ಕೆಳಗಿಳಿದು ಬರಲಿಲ್ಲ.